ಸಬೇಲಾ ಸೇರಿಸಗೊಡದ ಕೋಡ್

ಸಬೇಲಾ ಒತೆರೋ ಬ್ರೌಸರ್ ಬರೆಯುವವಳಲ್ಲ. ಹದಿನಾರು ವರ್ಷ ಡಬ್ಬಿ ಕಾರ್ಖಾನೆಯಲ್ಲಿ ಸಾರ್ಡೀನ್ ಮೀನಿನ ತಲೆ ಕತ್ತರಿಸಿ, ಮುಷ್ಕರ ಮಾಡಿ ಹೊರಬಿದ್ದವಳು. ಕರಾರಿನ ಸಣ್ಣ ಅಕ್ಷರ ಓದುವುದನ್ನು ಅಲ್ಲೇ ಕಲಿತಳು. ಕೊರುನ್ಯ ಊರಿನಲ್ಲಿ ಬ್ರೌಸರ್ ಕಟ್ಟುವ ನಮ್ಮ ಸಹಕಾರ ಸಂಘಕ್ಕೆ ಬಂದಾಗ ಅದೇ ಕೆಲಸ ಕೊಟ್ಟೆವು.

ನಮ್ಮ ಬ್ರೌಸರನ್ನು ಯಾರು ಬೇಕಾದರೂ ಒಯ್ಯಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೇ ನಮ್ಮಲ್ಲೊಂದು ಕಟ್ಟಳೆ: ಹೊರಗಿನ ಕೋಡ್ ತಂದವರು ಅದರ ಲೈಸೆನ್ಸನ್ನು, ಅಂದರೆ ಬಳಕೆಯ ಕರಾರನ್ನು, ಸಭೆಯಲ್ಲಿ ನಿಂತು, ಪೂರ್ತಿ, ಗಟ್ಟಿಯಾಗಿ ಓದಬೇಕು. ಬ್ರೌಸರಿಗೆ ವಿಆರ್ ಕನ್ನಡಕ ಜೋಡಿಸಲು ಹೊರಟ ನಮ್ಮ ಸಂಘದ ಬ್ರೈಸ್ ಮಾತ್ರ ಕನ್ನಡಕದ ಕಂಪನಿ ಪುಕ್ಕಟೆ ಕೊಟ್ಟ ಕೋಡಿಗೆ ಮೊದಲು ‘ಒಪ್ಪಿದೆ’ ಒತ್ತಿ, ಅದನ್ನು ಸೇರಿಸಿ, ಆಮೇಲೆ ಓದಲು ನಿಂತ. ಒಂಬತ್ತನೇ ಕಲಮಿಗೆ ದನಿ ಕುಗ್ಗಿತು.

"ಗಟ್ಟಿಯಾಗಿ ಓದಪ್ಪ, ಗಂಟಲಲ್ಲಿ ಮುಳ್ಳು ಸಿಕ್ತಾ?" ಎಂದಳು ಸಬೇಲಾ.

"ಮೂರನೆಯವರಿಗೆ ಹಂಚತಕ್ಕದ್ದಲ್ಲ. ಇದನ್ನು ನೋಡಿದವರು ಇಂಥದೇ ಕೋಡ್ ಬರೆಯತಕ್ಕದ್ದಲ್ಲ."

"ಹಾಗಾದ್ರೆ ನಮ್ಮ ಬ್ರೌಸರ್ ತಗೊಂಡೋನು ಇನ್ನೊಬ್ಬನಿಗೆ ಕೊಟ್ರೆ ಕಳ್ಳ ಆಗ್ತಾನೆ. ಅಲ್ವೇನೋ?"

"ಯಾರು ಹಿಡೀತಾರೆ ಮಾರಾಯ್ತಿ? ಬ್ರೌಸರ್ ತೋರಿಸ್ಬೇಕಾದ ಮೇಳಕ್ಕೆ ಮೂರೇ ವಾರ ಇದೆ. ಎಲ್ರೂ ಒಪ್ಕೋತಾರೆ."

"ಕಾರ್ಖಾನೇಲೂ ಎಲ್ರೂ ಒಪ್ಕೊಂಡಿದ್ರು. ಉಚ್ಚೆ ಹೊಯ್ಯೋಕೂ ಮೇಸ್ತ್ರಿ ಅಪ್ಪಣೆ ಬೇಕಿತ್ತು. ತೆಗಿ ಅದನ್ನ!"

ಹತ್ತೊಂಬತ್ತು ಮಂದಿಯಲ್ಲಿ ಹತ್ತು ಕೈಗಳು ಅವಳ ಪರ ಎದ್ದವು. ಕಂಪನಿಯ ಕೋಡ್ ಹೊರಹೋಯಿತು.

ನಮ್ಮದೇ ಕೋಡ್ ಬರೆಯುವವರು ಯಾರು? ಆಸೆಬುರುಕರು, ಎಲ್ಲರೂ ಕಂಪನಿಯ ಕೋಡನ್ನು ಇಣುಕಿ ನೋಡಿಯಾಗಿತ್ತು; ನೋಡಿದವರು ಬರೆಯುವಂತಿರಲಿಲ್ಲ. ಬಾಣಂತನ ಮುಗಿಸಿ ಅಂದೇ ಕೆಲಸಕ್ಕೆ ಬಂದ, ಕೋಡ್ ಬರೆಯುವ ಆಂತಿಯಾ ಒಬ್ಬಳೇ ನೋಡಿರಲಿಲ್ಲ. ಅಂಗಡಿಯಿಂದ ತಂದ ಕನ್ನಡಕದ ಜೊತೆ ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಸಬೇಲಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತಳು. ಬ್ರೈಸ್ ಕಾಫಿ ಹಿಡಿದು ಬಂದ.

"ಒಂದೇ ಒಂದು ಸುಳಿವು ಕೊಟ್ಬಿಡ್ತೀನಿ..."

"ಕಾಫಿ ಇಡು. ಸುಳಿವು ನುಂಗ್ಕೊಂಡು ನಡಿ."

ಮೇಳದ ದಿನಕ್ಕೆ ಆಂತಿಯಾಳ ಕೋಡ್ ಎಡಗಣ್ಣಿಗೆ ಮಾತ್ರ ಚಿತ್ರ ತೋರಿಸುತ್ತಿತ್ತು. ಹಾಗೇ ಪ್ರದರ್ಶನಕ್ಕೆ ಇಟ್ಟೆವು. ಕಂಪನಿಯವನೊಬ್ಬ ಬಂದು ಕನ್ನಡಕ ಹಾಕಿ ನೋಡಿ ನಕ್ಕ.

"ನಮ್ಮ ಕೋಡ್ ಇದ್ದಿದ್ರೆ ಎರಡೂ ಕಣ್ಣಿಗೆ ಕಾಣ್ತಿತ್ತು, ಮೇಡಂ."

"ನಿಮ್ಮ ಕರಾರು ಓದೋಕೆ ಒಂದು ಕಣ್ಣೇ ಸಾಕಾಯ್ತು," ಎಂದಳು ಸಬೇಲಾ.

ಅವನ ಹಿಂದೆ ಲುಗೋ ಊರಿನ ಶಾಲಾ ಶಿಕ್ಷಕಿಯೊಬ್ಬಳು ನಿಂತಿದ್ದಳು. "ಈ ಬ್ರೌಸರನ್ನ ನಮ್ಮ ಮಕ್ಕಳಿಗೆಲ್ಲ ಹಂಚಬಹುದಾ?" ಎಂದು ಕೇಳಿದಳು.

"ಎಷ್ಟು ಬೇಕೋ ಅಷ್ಟು ಹಂಚಿ. ಬಲಗಣ್ಣು ಸರಿಮಾಡೋಕೆ ಬಂದ್ರೆ ಅದನ್ನೂ ನೀವೇ ಮಾಡಿ, ಯಾರ ಅಪ್ಪಣೇನೂ ಬೇಡ," ಎಂದಳು ಸಬೇಲಾ, ಕಂಪನಿಯವನಿಗೆ ಕೇಳುವಷ್ಟು ಗಟ್ಟಿಯಾಗಿ.