ಹಿಂದೆ ಸರಿದರೂ ಮೊಣಕಾಲಿನವರೆಗೇ

ಬೆಳಕಿನ ಪಾಠವನ್ನು ಬಾಯಿಪಾಠ ಮಾಡಿಸದೆ ಕಲಿಸಿದವರು ನಾನು ಕಂಡಂತೆ ನಮ್ಮ ವಿಜ್ಞಾನದ ಮೇಷ್ಟ್ರೊಬ್ಬರೇ. ಮೂವತ್ತೈದು ವರ್ಷ ದುಡಿದು, ಮುಖ್ಯೋಪಾಧ್ಯಾಯರಾಗದೆಯೇ ಅವರು ನಿವೃತ್ತರಾಗುತ್ತಿದ್ದಾರೆ. ಅಧಿಕಾರದ ಆಸೆಯಿರಲಿಲ್ಲ ಎಂದು ಈ ಅಭಿನಂದನಾ ಗ್ರಂಥದಲ್ಲಿ ಯಾರಾದರೂ ಬರೆದಿದ್ದರೆ ನಂಬಬೇಡಿ. ಕಾರಣ ನಾನು.

ಮಕ್ಕಳ ತಪ್ಪು ತಿಳಿವಳಿಕೆಗೆ ಅವರಷ್ಟು ಮರ್ಯಾದೆ ಕೊಟ್ಟವರಿಲ್ಲ. ಮೊದಲು ಅನಿಸಿದ್ದನ್ನು ಬರೆಯಬೇಕು, ಆಮೇಲೆ ಮಾಡಿ ನೋಡಬೇಕು, ಬರೆದದ್ದನ್ನು ಅಳಿಸಕೂಡದು. ತರಗತಿಯ ಗೋಡೆಗೆ ನೆಟ್ಟಗೆ ಜಡಿದ ಕನ್ನಡಿಯಲ್ಲಿ ನಾನು ಮೊಣಕಾಲಿನವರೆಗೆ ಕಾಣುತ್ತಿದ್ದೆ. ಹಿಂದೆ ಹೋದರೆ ಪಾದವೂ ಕಾಣುತ್ತದೆ ಎಂದು ನಲವತ್ತು ಜನರೂ ಬರೆದೆವು. ಕೊನೆಯ ಬೆಂಚಿನವರೆಗೆ ಸರಿದೆ. ಮೊಣಕಾಲೇ!

"ಕನ್ನಡಿನೇ ಸರಿ ಇಲ್ಲ ಸಾರ್."

"ಅದರ ಮೇಲ್ಯಾಕಪ್ಪಾ ರೇಗ್ತೀಯ? ಬೇರೆ ತಗೊಂಡು ಬಾ."

ಅಕ್ಕನ ಚಿಕ್ಕ ಕನ್ನಡಿ ಕದ್ದು ತಂದೆ. ಅದರಲ್ಲಿ ಸೊಂಟದವರೆಗೆ ಕಂಡಿತು. ಎಷ್ಟು ಹಿಂದೆ ಹೋದರೂ ಸೊಂಟದವರೆಗೇ. ಎಷ್ಟು ಕಾಣುತ್ತದೆಂಬುದು ಕನ್ನಡಿಯ ಉದ್ದಕ್ಕೆ ಬಿಟ್ಟದ್ದು, ದೂರಕ್ಕಲ್ಲ ಎಂದು ಅಂದೇ ನನಗೆ ಅರ್ಥವಾಯಿತು.

ಮರುವಾರ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರ್ ಬಂದರು. ಕನ್ನಡಿ ನೋಡಿ ನನ್ನನ್ನೇ ಎಬ್ಬಿಸಿದರು. "ಪಾದ ಕಾಣಬೇಕಾದ್ರೆ ಹಿಂದೆ ಹೋಗ್ಬೇಕು ತಾನೇ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನಾನು ಇನ್ಸ್‌ಪೆಕ್ಟರರ ಬೂಟು ನೋಡುತ್ತ, "ಹೌದು ಸಾರ್" ಎಂದೆ.

"ಜಾಣ!"

"ತಾವೊಂದ್ಸಲ ನಿಂತು ನೋಡಿ ಸಾರ್," ಎಂದರು ಮೇಷ್ಟ್ರು.

"ನನಗೇ ಪಾಠ ಹೇಳ್ತೀರೇನ್ರೀ?"

'ಮಕ್ಕಳಿಗೆ ತಪ್ಪು ಕಲಿಸುತ್ತಾರೆ' ಎಂದು ವರದಿಯಾಯಿತು. ಬಡ್ತಿಯ ಕಡತ ತೆರೆದಾಗಲೆಲ್ಲ ಆ ಸಾಲು ಎದ್ದು ಕೂರುತ್ತಿತ್ತು. ಮೇಷ್ಟ್ರು ನನಗೆ ಬೈಯಲಿಲ್ಲ. ನನಗೆ ಅರ್ಥವಾಗಿಲ್ಲವೆಂದೇ ತಿಳಿದು, ಅಂದು ಶಾಲೆ ಬಿಟ್ಟ ಮೇಲೆ ನಿಲ್ಲಿಸಿಕೊಂಡು ಮೊದಲಿನಿಂದ ಮತ್ತೆ ತೋರಿಸಿದರು. ನಾನು ಹೊಸದಾಗಿ ಕಂಡವನಂತೆ ತಲೆಯಾಡಿಸಿದೆ.

ಈಗ ನಾನು ಕನ್ನಡಿ ಕತ್ತರಿಸಿ ಮಾರುವವನು. ಗಿರಾಕಿಗಳು ದಿನವೂ ಅಂಗಡಿಯಲ್ಲಿ ಹಿಂದೆ ಹಿಂದೆ ಹೋಗಿ ಪಾದ ಹುಡುಕುತ್ತಾರೆ. ಕಳೆದ ತಿಂಗಳು ಮೇಷ್ಟ್ರು, ಮಕ್ಕಳ ಗೊಂದಲಗಳನ್ನು ಬರೆದಿಟ್ಟುಕೊಂಡಿದ್ದ ತಮ್ಮ ಹಳೆಯ ನೋಟ್‌ಬುಕ್ ಹಿಡಿದು ಬಂದರು. ನನ್ನ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ.

"ಅವತ್ತು ನಿನಗೆ ಎಲ್ಲಿ ಗೊಂದಲ ಆಯ್ತಪ್ಪಾ? ನನ್ನ ಪಾಠದಲ್ಲಿ ಎಲ್ಲೋ ತಪ್ಪಿದೆ."

ಗಿರಾಕಿ ಕಾಯುತ್ತಿದ್ದಾರೆ ಎಂದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಇದು ಅಭಿನಂದನೆಗೆ ಒಪ್ಪುವ ಮಾತಲ್ಲ ಎಂದು ಗ್ರಂಥದ ಸಮಿತಿಯವರು ಮುಖ ಸಿಂಡರಿಸಿದರು. ಹಾಕಿದರೆ ಇದನ್ನೇ ಹಾಕಿ ಎಂದೆ.

ಮೇಷ್ಟ್ರೇ, ತಾವು ನೂರ್ಕಾಲ ಬಾಳಿ, ಇನ್ನೂ ಹತ್ತು ನೋಟ್‌ಬುಕ್ ತುಂಬಿಸಿ. ಆ ಚಿಹ್ನೆಯನ್ನು ಅಳಿಸಬೇಡಿ. ಕೆಳಗೆ ಬರೆದುಕೊಳ್ಳಿ: ಪಾಠ ಸರಿಯಾಗಿತ್ತು. ಹುಡುಗ ಹೆದರಿ ಸುಳ್ಳು ಹೇಳಿದ.