ಹುಳದ ಮನೆಯ ಹಿತ್ತಿಲ ಬಾಗಿಲು

ನಮ್ಮ ಕ್ರೈಸ್ತ ಸಭೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಓದು ಮುಗಿಸಿದ ಹುಡುಗ ಹುಡುಗಿಯರು ಕೆಲಸಕ್ಕೋ ಮದುವೆಗೋ ಹೋಗುವ ಮೊದಲು ಒಂದು ವರ್ಷವನ್ನು ದೇವರಿಗೆಂದು ಎತ್ತಿಡಬೇಕು. ಸಂಬಳವಿಲ್ಲ. ಊಟ, ಮಲಗಲು ಚಾಪೆ, ವರ್ಷಕ್ಕೆ ಎರಡು ಜೊತೆ ಬಟ್ಟೆ. ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗಬೇಕು. ಎಲ್ಲರೂ ಹೋಗುತ್ತಿದ್ದರು ಅಂತಲ್ಲ. ನಮ್ಮಣ್ಣ ನೆಗಡಿಯ ನೆಪ ಹೇಳಿ ತಪ್ಪಿಸಿಕೊಂಡು ರೈಲ್ವೆ ಸೇರಿದ. ನಾನು ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ ಬೇಸಿಗೆಯಲ್ಲಿ ಹೆಸರು ಕೊಟ್ಟೆ. ಮಕ್ಕಳಿಗೆ ಪಾಠ ಹೇಳಲು ಹಾಕುತ್ತಾರೆ ಎಂದುಕೊಂಡಿದ್ದೆ. ಹಾಕಿದ್ದು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದ್ದ ಒಂದು ಹಳ್ಳಿಗೆ, ಎರಡು ಕೋಣೆಯ ಔಷಧಾಲಯಕ್ಕೆ, ಒಬ್ಬ ನರ್ಸಮ್ಮನ ಕೈಕೆಳಗೆ.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತೋ ಏನೋ. ನರ್ಸಮ್ಮ ಅದಕ್ಕೂ ಬಹಳ ಮೊದಲು ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬಂದವರು. ಐವತ್ತು ದಾಟಿತ್ತು. ನಮ್ಮೊಡನೆ ಕನ್ನಡವನ್ನೇ ಆಡುತ್ತಿದ್ದರು. ರೋಗಿಯ ನಾಡಿ ಎಣಿಸುವಾಗ ಮಾತ್ರ ಅವರ ತುಟಿ ತಮಿಳಿನಲ್ಲಿ ಅಲ್ಲಾಡುತ್ತಿತ್ತು. ಮಾತು ಕಡಿಮೆ. ಹೇಳಬೇಕಾದ್ದನ್ನು ಮಾಡಿ ತೋರಿಸುವುದು ಅವರ ರೀತಿ. ನೋಡಿ ಕಲಿಯದವರಿಗೆ ಹೇಳಿಯೂ ಪ್ರಯೋಜನವಿಲ್ಲ ಎಂದು ಅವರು ನಂಬಿದ್ದರೆಂದು ಕಾಣುತ್ತದೆ.

ಬೆಳಿಗ್ಗೆ ಎದ್ದ ಕೂಡಲೆ ಸೀಮೆಎಣ್ಣೆ ಸ್ಟವ್ ಹೊತ್ತಿಸಿ ಗಾಜಿನ ಸಿರಿಂಜು, ಸೂಜಿ ಕುದಿಸಲು ಇಡುವುದು ನನ್ನ ಕೆಲಸ. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಸಾಣೆಕಲ್ಲಿಗೆ ಹಿಡಿಯಬೇಕು. ಹುಣ್ಣಿಗೆ ಕಟ್ಟಿದ ಬಟ್ಟೆಗಳನ್ನು ಒಗೆದು, ಕುದಿಸಿ, ಒಣಗಿಸಿ, ಸುರುಳಿ ಸುತ್ತಬೇಕು. ಆಮೇಲೆ ನೆಲಕ್ಕೆ ಫಿನಾಯಿಲು. ಬಕೆಟ್ಟಿಗೆ ಎಷ್ಟು ಬಿಟ್ಟರೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ ಎಂಬುದು ನನ್ನ ಕೈಗೆ ಬೇಗ ಬಂತು. ಮೊದಲ ತಿಂಗಳು ತಿನ್ನುವ ಅನ್ನವೂ ಫಿನಾಯಿಲು ನಾತ ಹೊಡೆಯುತ್ತಿತ್ತು. ಕೂದಲು, ಸೀರೆ, ದಿಂಬು ಎಲ್ಲವೂ ಅದೇ. ಎರಡನೇ ತಿಂಗಳಿಗೆ ಆ ವಾಸನೆ ಇದೆ ಎಂಬುದೇ ನನಗೆ ಮರೆತುಹೋಯಿತು.

ಬಾಗಿಲು ತೆಗೆಯುವ ಮೊದಲು ನಾವಿಬ್ಬರೂ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆವು. ಊರೊಳಗೆ ಯಾರ ಮನೆಗೆ ಹೋದರೂ, ಅವರಾಗಿ ಕೇಳದೆ ಗಟ್ಟಿಯಾಗಿ ಪ್ರಾರ್ಥನೆ ಮಾಡಬಾರದೆಂದು ನರ್ಸಮ್ಮನ ಕಟ್ಟಪ್ಪಣೆ. ನಾನು ವರ್ಷ ಕೊಟ್ಟಿದ್ದೇ ಸುವಾರ್ತೆ ಹೇಳಲು. ನನಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ.

ಮಳೆಗಾಲ ಕಳೆದ ಮೇಲೆ, ಊರ ನಡುವಿನ ಒಂದು ದೊಡ್ಡ ಮನೆಯಿಂದ ಆ ಮನೆಯ ಯಜಮಾನಿಯೇ ಜ್ವರಕ್ಕೆ ಗುಳಿಗೆ ಕೇಳಿಕೊಂಡು ಬಂದಳು. ಹೊಲ ಗದ್ದೆಯಿದ್ದ ಲಿಂಗವಂತರ ಮನೆ. ಜ್ವರ ಬಂದದ್ದು ಸೊಸೆಗೆ. ತವರಿನಲ್ಲಿ ತಾಯಿಯಿಲ್ಲದ್ದರಿಂದ ಚೊಚ್ಚಲ ಹೆರಿಗೆಯೂ ಅತ್ತೆಯ ಮನೆಯಲ್ಲೇ ಆಗಿತ್ತು. ಐದು ದಿನದ ಗಂಡುಮಗು. ನರ್ಸಮ್ಮ ಗುಳಿಗೆ ಕೊಡದೆ ಎದ್ದು ಆಕೆಯ ಜೊತೆ ಹೊರಟರು. ನಾನೂ ಹಿಂದೆ ಹೋದೆ. ಹುಡುಗಿ ಕೆಂಡದ ಹಾಗಿದ್ದಳು. ಹೆರಿಗೆಯ ನಂಜು.

"ಇವತ್ತೇ ಕೊಳ್ಳೇಗಾಲದ ಆಸ್ಪತ್ರೆಗೆ ಕರಕೊಂಡು ಹೋಗೋಣ," ಅಂದರು ನರ್ಸಮ್ಮ.

"ಅಸಿ ಬಾಣಂತಿನ ಬಸ್ಸಲ್ಲಿ ಕುಲುಕಿಸ್ಕಂಡು ಓಗಾದಾ?" ಅಂದಳು ಅತ್ತೆ. "ಆಗಕ್ಕಿಲ್ಲ ಕಣವ್ವ. ಅದೇನ್ ಚುಚ್ತೀಯೋ ನೀನೇ ಬಂದು ಚುಚ್ಚು."

ಬಹಳ ಹೊತ್ತು ಹೇಳಿ ನೋಡಿದರೂ ಆಕೆ ಬಗ್ಗಲಿಲ್ಲ. ಕೊನೆಗೆ ದಿನಕ್ಕೊಂದರಂತೆ ಏಳು ದಿನ ಪೆನಿಸಿಲಿನ್ ಸೂಜಿ ಹಾಕುವುದೆಂದಾಯಿತು. "ಒಂದು ದಿನವೂ ತಪ್ಪಬಾರದು. ತಪ್ಪಿದರೆ ನನ್ನ ಕೈಲಿಲ್ಲ," ಎಂದು ನರ್ಸಮ್ಮ ಎರಡು ಸಲ ಹೇಳಿದರು.

ಆ ಮನೆಯಲ್ಲಿ ಆಗ ರೇಷ್ಮೆ ಹುಳು ಇಟ್ಟಿದ್ದರು. ಆ ಕಡೆಯ ಎಷ್ಟೋ ಮನೆಗಳಂತೆ ನಡುಮನೆಯೇ ಹುಳದ ಮನೆ. ಗೋಡೆಗುಂಟ ಅಟ್ಟಣೆ, ಅಟ್ಟಣೆಯ ತುಂಬ ಬಿದಿರು ತಟ್ಟೆ. ಬಾಣಂತಿಯ ಕೋಣೆಗೆ ನಡುಮನೆಯಿಂದಲೂ ಒಂದು ಬಾಗಿಲು, ಹಿತ್ತಿಲಿನಿಂದಲೂ ಒಂದು ಬಾಗಿಲು. ಅತ್ತೆ ನಮ್ಮನ್ನು ಹಿತ್ತಿಲಿಗೆ ಸುತ್ತಿಸಿ ಕರೆದುಕೊಂಡು ಹೋದಳು. ಅಲ್ಲಿ ಬಚ್ಚಲಲ್ಲಿ ನರ್ಸಮ್ಮನಿಗೆ ಸೀಗೆಪುಡಿ ಕೊಟ್ಟು ಕೈಕಾಲು ತೊಳೆಸಿದಳು. ತನ್ನದೇ ಹಳೆಯ ಸೀರೆ ಕೊಟ್ಟು, ಉಟ್ಟ ಸೀರೆ ಬಿಚ್ಚಿ ಹೊರಗೆ ಹಗ್ಗದ ಮೇಲೆ ಹಾಕಲು ಹೇಳಿದಳು. ಔಷಧಿಯ ಪೆಟ್ಟಿಗೆ ದನದ ಕೊಟ್ಟಿಗೆಯಲ್ಲೇ ಉಳಿಯಬೇಕು. ಕುದಿಸಿದ ಸಿರಿಂಜು ಮಾತ್ರ ಬಟ್ಟೆ ಮುಚ್ಚಿದ ಬಟ್ಟಲಲ್ಲಿ ಒಳಕ್ಕೆ. ಕುಡಿಯಲು ನೀರು ಕೇಳಿದಾಗ ಬೊಗಸೆ ಹಿಡಿಸಿ ಮೇಲಿನಿಂದ ಹುಯ್ದಳು. ನರ್ಸಮ್ಮ ಮೂರು ದಿನವೂ ಇದನ್ನೆಲ್ಲ ತುಟಿ ಎರಡು ಮಾಡದೆ ನಡೆಸಿದರು. ಒಳಗೆ ಹೋಗುವವರು ಅವರೊಬ್ಬರೇ ಆದ್ದರಿಂದ ನಾನು ಕೊಟ್ಟಿಗೆಯಲ್ಲಿ ಪೆಟ್ಟಿಗೆ ಕಾಯುತ್ತಿದ್ದೆ.

ಬರುವ ದಾರಿಯಲ್ಲಿ ಕೇಳಿದೆ: "ನಿಮಗೆ ಬೇಜಾರಾಗಲ್ವಾ?"

"ಯಾತಕ್ಕೆ? ಅವರ ಮನೆ, ಅವರು ಹೇಳಿದ ದಾರಿ," ಅಂದರು.

ನಮ್ಮ ತಾತ ಮೇಲುಜಾತಿಯವರ ಹಿತ್ತಿಲಲ್ಲಿ ಬೊಗಸೆಗೆ ನೀರು ಹುಯ್ಯಿಸಿಕೊಂಡು ಕುಡಿದು ಬೆಳೆದವರು. ಸಭೆಗೆ ಸೇರಿದ ದಿನ, ಇನ್ನು ಮೇಲೆ ಯಾರ ಹಿತ್ತಿಲ ಬಾಗಿಲಿಗೂ ಹೋಗುವುದಿಲ್ಲ ಎಂದು ಹೇಳಿದರಂತೆ. ಆ ಮಾತು ನಮ್ಮ ಮನೆಯಲ್ಲಿ ವೇದವಾಕ್ಯವಾಗಿತ್ತು. ನರ್ಸಮ್ಮನ ತಾಳ್ಮೆ ನನಗೆ ಅಂದು ಹೇಡಿತನದಂತೆ ಕಂಡಿತು.

ಮೂರನೇ ದಿನ ಸೂಜಿ ಹಾಕಿ ಮುಗಿಸಿ, ಔಷಧಿ ತರಲು ನರ್ಸಮ್ಮ ಕೊಳ್ಳೇಗಾಲದ ಬಸ್ಸು ಹತ್ತಿದರು. "ಮಧ್ಯಾಹ್ನ ಹೋಗಿ ಅವಳ ಮೈ ಒರೆಸಿ ಬಟ್ಟೆ ಬದಲಾಯಿಸಿ ಬಾ. ನಾನು ಮಾಡೋ ಹಾಗೇ ಮಾಡು," ಎಂದು ಹೇಳಿ ಹೋದರು.

ನಾನು ಹೋದಾಗ ಮನೆಯವರೆಲ್ಲ ಹುಳುಗಳಿಗೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಒಳಗೆ ಬಾಣಂತಿ, ಮಗು ಇಬ್ಬರೂ ನಿದ್ದೆಯಲ್ಲಿದ್ದರು. ಮುಂಬಾಗಿಲು ಬರೀ ಮುಂದೆ ಮಾಡಿತ್ತು. ಒಂದು ಗಳಿಗೆ ಜಗಲಿಯ ಮೇಲೆ ನಿಂತೆ. ಆಮೇಲೆ, ನಾನೂ ದೇವರ ಮಗಳೇ ಎಂದು ಮನಸ್ಸಿನಲ್ಲಿ ಅಂದುಕೊಂಡು, ಉಟ್ಟ ಸೀರೆಯಲ್ಲೇ, ಪೆಟ್ಟಿಗೆ ಬಕೆಟ್ಟು ಸಮೇತ ಮುಂಬಾಗಿಲಿಂದ ನಡುಮನೆ ದಾಟಿ ಒಳಗೆ ಹೋದೆ. ಹುಡುಗಿಯ ಮೈ ಒರೆಸಿದೆ, ಬಟ್ಟೆ ಬದಲಾಯಿಸಿದೆ. ಕೋಣೆಯ ನೆಲದ ಮೇಲೆ ರಕ್ತದ ಕಲೆಯಿತ್ತು. ಫಿನಾಯಿಲು ನೀರಿನಲ್ಲಿ ಒರೆಸಿದೆ. ಅಷ್ಟಕ್ಕೇ ನಿಲ್ಲಿಸದೆ ನಡುಮನೆಯನ್ನೂ ಹೊಸ್ತಿಲವರೆಗೆ ಒರೆಸಿಕೊಂಡು ಬಂದೆ. ನಮ್ಮವರು ಎಷ್ಟು ಚೊಕ್ಕಟ ಎಂಬುದನ್ನು ಆ ಮನೆಯವರು ನೋಡಲಿ ಎಂದು, ಮೂಲೆ ಮೂಲೆಗೂ ಬಟ್ಟೆ ಆಡಿಸಿದೆ. ತಟ್ಟೆಗಳಲ್ಲಿ ಹುಳುಗಳು ಬೆರಳುದ್ದ ಬೆಳೆದಿದ್ದವು. ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಇನ್ನು ನಾಲ್ಕು ದಿನ ಸೊಪ್ಪು ತಿಂದಿದ್ದರೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು ಎಂಬುದು ನನಗೆ ತಿಳಿದದ್ದು ಆಮೇಲೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಹೋದರೆ ಎರಡು ಬಾಗಿಲೂ ಒಳಗಿಂದ ಹಾಕಿದ್ದವು. ಹಿತ್ತಿಲ ಬಾಗಿಲ ಸಂದಿನಿಂದ ಅತ್ತೆಯ ದನಿ ಬಂತು.

"ಓಗವ್ವ ನರ್ಸಮ್ಮ. ನಿಮ್ಮ ಸವಾಸ ಸಾಕು. ಉಳ ಎಲ್ಲಾ ತಲೆ ಎತ್ಕಂಡು ಕಕ್ಕೊಂಡು ಬಿದ್ದವೆ. ನಿಮ್ಮ ಕೈ ಬ್ಯಾಡ ನಮ್ಮನೆಗೆ."

ನರ್ಸಮ್ಮ ನನ್ನ ಮುಖ ನೋಡಿದರು. ಮುಂಬಾಗಿಲು, ಸೀರೆ, ಫಿನಾಯಿಲು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದೆ. ಅವರು ಬೈಯಲಿಲ್ಲ. "ಹುಳಕ್ಕೆ ವಾಸನೆ ಆಗಲ್ಲ ಅಂತ ನಿನಗೆ ಗೊತ್ತಿರುತ್ತೆ ಅಂದುಕೊಂಡೆ. ಹೇಳಬೇಕಿತ್ತು," ಅಂದರು. ಆಮೇಲೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತರು. ಸಂಜೆ ದನ ಮನೆಗೆ ಬರುವವರೆಗೆ ಕೂತಿದ್ದರು. ಬಾಗಿಲು ತೆರೆಯಲಿಲ್ಲ. ಆ ದಿನದ ಸೂಜಿ ತಪ್ಪಿತು. ಹಿಂದಿರುಗುವಾಗ ಅಂದರು: "ನಾಳೆಯೂ ತಪ್ಪಿದರೆ ಆ ಹುಡುಗಿ ಉಳಿಯಲ್ಲ. ನೀನೇ ಹೋಗಿ ಮಾತಾಡು. ನನ್ನ ಹತ್ತಿರ ಹೇಳಿದ್ದನ್ನೇ ಆ ಯಮ್ಮನ ಹತ್ತಿರ ಹೇಳು."

ಬೆಳಗಾಗುತ್ತಲೇ ಹೋದೆ. ಅತ್ತೆ ತಿಪ್ಪೆಯ ಹತ್ತಿರ ಮಂಕರಿಗಳಿಂದ ಸತ್ತ ಹುಳುಗಳನ್ನು ಸುರಿಯುತ್ತಿದ್ದಳು. ಹಸಿರು ನೀರು ಸೋರುತ್ತಿತ್ತು. ನನ್ನನ್ನು ಕಂಡರೂ ಕಾಣದವಳಂತೆ ಕೆಲಸ ಮಾಡುತ್ತಿದ್ದಳು.

"ಅವ್ವಾ, ಹುಳು ಹೋಗಿದ್ದು ನನ್ನಿಂದ. ನರ್ಸಮ್ಮನದು ಏನೂ ತಪ್ಪಿಲ್ಲ."

"ಗೊತ್ತು ಕಣೆ. ನಡುಮನೆ ಗಬ್ಬು ನಾರ್ತಿತ್ತಲ್ಲ." ಮಂಕರಿಯನ್ನು ನೆಲಕ್ಕೆ ಕುಟ್ಟಿದಳು. "ಆ ಯಮ್ಮ ಮೂರು ದಿನ ಮಾಡಿದ್ದ ನೋಡ್ನಿಲ್ವಾ ನೀನು?"

"ನೋಡಿದ್ದೆ. ನಮ್ಮನ್ನು ಕೀಳು ಅಂತ ಹಿತ್ತಿಲಿಂದ ಕರೀತೀರಿ, ಸೀರೆ ಬಿಚ್ಚಿಸ್ತೀರಿ ಅಂದ್ಕೊಂಡೆ. ಅದಕ್ಕೇ ಬೇಕು ಅಂತ ಮುಂದಿನಿಂದ ಬಂದೆ."

ಆಕೆ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು.

"ಕೀಳು ಅಂತ ಎಣ್ಸಿಲ್ಲ ಅಂತ ಸುಳ್ಳು ಏಳಕ್ಕಿಲ್ಲ. ನೀರು ಮೇಲಿಂದ ಉಯ್ದಿದ್ದು ಅದಕ್ಕೇಯ. ಸೀರೆ ಬಿಚ್ಸಿದ್ದು ಅದಕ್ಕಲ್ಲ. ನನ್ನ ಮಗ ಬೀಡಿ ಸೇದ್ಕಂಡು ಬಂದ್ರೆ ಅವ್ನೂ ಇತ್ಲಲ್ಲೇ ಬಿದ್ದಿರ್ಬೇಕು. ಈ ಮನೇಲಿ ಒಗ್ಗರಣೆ ಸದ್ದು ಕೇಳಿ ಇಪ್ಪತ್ತು ದಿನ ಆಯ್ತು. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತಿರಲಿಲ್ಲ."

"ಮೈಸೂರಲ್ಲಿ ಅದೇನು ಓದಿದ್ಯವ್ವ ಅಂಗಾರೆ?"

"ನನ್ನನ್ನು ಬರಬೇಡ ಅನ್ನಿ, ಬರಲ್ಲ. ನರ್ಸಮ್ಮನ್ನ ಬಿಡಿ. ಇನ್ನೂ ನಾಲ್ಕು ಸೂಜಿ ಇದೆ. ನಿನ್ನೆ ಒಂದು ತಪ್ಪಿಹೋಯ್ತು," ಅಂದೆ.

ಆಕೆ ಪೊರಕೆಯ ಕಡ್ಡಿ ಮುರಿದು ಮಂಕರಿಯ ಹೆಣಿಗೆಗೆ ಅಂಟಿದ ಹುಳುಗಳನ್ನು ಒಂದೊಂದಾಗಿ ಕೆರೆದಳು. ನಾನೂ ಕೂತು ಇನ್ನೊಂದನ್ನು ಕೆರೆಯತೊಡಗಿದೆ. ಬೇಡವೆನ್ನಲಿಲ್ಲ.

"ರಾತ್ರಿಯೆಲ್ಲ ಸತ್ತೋದ ಅವ್ರವ್ವನ್ನ ಕರೀತಿದ್ಲು," ಅಂದಳು ಕೊನೆಗೆ, ತಗ್ಗಿದ ದನಿಯಲ್ಲಿ. "ನಾನು ಅವ್ವಾ ಅಂದ್ರೆ ಓ ಅನ್ನಕ್ಕಿಲ್ಲ." ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಕರ್ಕಂಡ್ ಬಾ ಓಗು ಆ ಯಮ್ಮನ್ನ. ಮುಂದ್ಗಡೆಯಿಂದ್ಲೇ ಬನ್ನಿ. ಉಳಾನೆ ಇಲ್ದ ಮೇಲೆ ಇತ್ಲು ಯಾತಕ್ಕೆ."

ಅರ್ಧ ಗಂಟೆಯೊಳಗೆ ನಾನೂ ನರ್ಸಮ್ಮನೂ ಮುಂಬಾಗಿಲಿಂದ ಒಳಗೆ ಹೋದೆವು, ಉಟ್ಟ ಸೀರೆಯಲ್ಲಿ, ಪೆಟ್ಟಿಗೆ ಹಿಡಿದುಕೊಂಡು. ಮನೆಯ ಗಂಡಸರು ಖಾಲಿ ತಟ್ಟೆಗಳನ್ನು ಅಟ್ಟಣೆಯಿಂದ ಇಳಿಸುತ್ತಿದ್ದವರು ಸರಿದು ದಾರಿ ಬಿಟ್ಟರು. ನಾನು ಬಯಸಿದ್ದು ಇದನ್ನೇ. ತಲೆ ಎತ್ತಲಾಗದೆ ನೆಲ ನೋಡಿಕೊಂಡೇ ನಡುಮನೆ ದಾಟಿದೆ.

ಆ ದಿನವೂ ಮರುದಿನವೂ ಜ್ವರ ಕದಲಲಿಲ್ಲ. ನರ್ಸಮ್ಮ ಮಣಿಕಟ್ಟು ಹಿಡಿದು ಎಣಿಸಿ ಕೈ ಬಿಡುತ್ತಿದ್ದರು. ನಾನು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹತ್ತಿಯ ಬತ್ತಿಯಿಂದ ಹಸುವಿನ ಹಾಲು ಹಿಂಡುತ್ತಿದ್ದೆ. ಆ ಎರಡು ದಿನ ನಾನು ಮಾಡಿದ ಪ್ರಾರ್ಥನೆಗೆ ಮಾತೇ ಇರಲಿಲ್ಲ. ಮೂರನೇ ದಿನ ಹುಡುಗಿಗೆ ಬೆವರು ಒಡೆಯಿತು. ನಾಲ್ಕನೇ ದಿನ, ಏಳನೇ ಸೂಜಿಯ ದಿನ, ಗೋಡೆಗೆ ಒರಗಿ ಕೂತಿದ್ದಳು. ಮಗು ಎದೆಗೆ ಕಚ್ಚಿಕೊಂಡಿತ್ತು. ಅತ್ತೆ ರಾಗಿಗಂಜಿ ಕುಡಿಸುತ್ತಿದ್ದಳು.

"ಅತ್ಯಮ್ಮ, ಉಳ ಅಣ್ಣಾದ್ವಾ? ಗೂಡಿಗೆ ಬಿಟ್ರಾ?" ಎಂದು ಕೇಳಿದಳು ಹುಡುಗಿ. ಜ್ವರದಲ್ಲಿದ್ದವಳಿಗೆ ಯಾರೂ ಏನೂ ಹೇಳಿರಲಿಲ್ಲ.

ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ತಪ್ಪು ಮಾಡಿದವರು ನೊಂದವರ ಮುಂದೆ ಬಾಯಿಬಿಟ್ಟು ಹೇಳಬೇಕೆಂದು ಕಲಿತವಳು. ಮೂರು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. "ಅಕ್ಕಾ, ಅದು..." ಅನ್ನುವಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗದೆಯೇ ಅಂದಳು: "ಈ ಸಲಿ ತಂಡಿ ಎಚ್ಚಾಯ್ತು. ಉಳ ನಿಲ್ನಿಲ್ಲ. ನೀನು ಗಂಜಿ ಕುಡಿ."

ಆಮೇಲೆ ನಾನು ಬಟ್ಟಲು ತೊಳೆಯುತ್ತಿದ್ದಲ್ಲಿಗೆ ಬಂದಳು.

"ಎಳೇ ಬಾಣಂತಿ. ಕೊರಗಿದ್ರೆ ಆಲು ಬತ್ತೋಯ್ತದೆ. ಏಳ್ಬುಟ್ರೆ ನಿಂಗೆ ಅಗುರಾಯ್ತದೆ, ನಂಗೊತ್ತು. ಅವ್ಳ ಮೇಲೆ ಯಾಕ್ ಇಳ್ಸೀಯೆ. ಒತ್ಕಂಡಿರು."

ಹೊತ್ತುಕೊಂಡಿದ್ದೆ. ನನ್ನ ವರ್ಷ ಮುಗಿಯಲು ಇನ್ನೂ ಆರು ತಿಂಗಳಿತ್ತು. ಆ ಹುಡುಗಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಆಗಾಗ ಔಷಧಾಲಯಕ್ಕೆ ಬರುತ್ತಿದ್ದಳು, ಒಮ್ಮೆ ಕೆಮ್ಮಿಗೆ, ಒಮ್ಮೆ ಸುಮ್ಮನೆ. "ನೀವಿಬ್ರೂ ಇಲ್ದಿದ್ರೆ ನಾನು ಎಲ್ಲಿರ್ತಿದ್ನೋ," ಅನ್ನುವಳು. ನಾನು ಮಗುವಿನ ಮೂಗು ಒರೆಸುತ್ತಿದ್ದೆ.

ಮೈಸೂರಿಗೆ ಮರಳಿದ ಮೊದಲ ಭಾನುವಾರ, ವರ್ಷ ಮುಗಿಸಿ ಬಂದವರು ದೇವರು ತಮ್ಮನ್ನು ನಡೆಸಿದ ಬಗೆಯನ್ನು ಸಭೆಯ ಮುಂದೆ ಸಾಕ್ಷಿ ಹೇಳುವ ವಾಡಿಕೆಯಂತೆ ನನ್ನನ್ನೂ ಕರೆದರು. ನನ್ನ ಜೊತೆಯವನೊಬ್ಬ ಅರ್ಧ ಗಂಟೆ ಮಾತಾಡಿ ಕೂತಿದ್ದ. ನಾನು ಎದ್ದು, ಬಾಣಂತಿಯೊಬ್ಬಳು ಬದುಕಿದಳು, ಮಗುವೂ ಚೆನ್ನಾಗಿದೆ ಎಂದಷ್ಟೇ ಹೇಳಿ ಕೂತೆ.