ಮೂತಿಗೆ ಕುಂಕುಮವಿಟ್ಟ ವಿಮಾನ

ನನ್ನನ್ನು ನೋಡಲೆಂದು ಹೊಸನಗರದಿಂದ ಬಂದವರು ಆ ದಿನ ಕಣ್ಣು ತುಂಬ ನೋಡಿದ್ದು ಒಂದು ವಿಮಾನವನ್ನು. ಇಷ್ಟು ವರ್ಷದ ಮೇಲೂ ಇದನ್ನು ಹೇಳಹೊರಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅರವತ್ತೆರಡನೇ ಇಸವಿಯೋ ಅರವತ್ಮೂರೋ ಇರಬೇಕು. ಸಾಗರದ ಪೇಟೆಯಲ್ಲಿ ನಮ್ಮ ಮನೆ. ಅಪ್ಪಯ್ಯ ಹೊಲಿಗೆ ಮಿಷನ್ನು, ಪಂಪುಸೆಟ್ಟು ರಿಪೇರಿ ಮಾಡುತ್ತಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಹುಡುಗನ ತಂದೆಯೂ ಆಗ ಅಲ್ಲೇ ಇದ್ದವರಂತೆ. ತೀರ್ಥಹಳ್ಳಿಯ ಚಿಕ್ಕಪ್ಪ ಈ ಸಂಬಂಧ ತಂದದ್ದೇ ಆ ಕಾರಣಕ್ಕೆ. ಒಂದೇ ಕಡೆ ಬೆವರು ಸುರಿಸಿದವರು, ಚೆನ್ನಾಗಿ ಹೊಂದಿಕೊಳ್ಳುತ್ತಾರೆ ಎಂದು ಆ ಪುಣ್ಯಾತ್ಮನ ಲೆಕ್ಕಾಚಾರ. ತಾನು ಮಾತ್ರ ಆ ದಿನ ಬರದೆ ತಪ್ಪಿಸಿಕೊಂಡ.

ನಡುಮನೆಯ ಗೋಡೆಯಲ್ಲಿ ಅಪ್ಪಯ್ಯನ ಫೋಟೋ ಇತ್ತು. ರಿಪೇರಿಗೆ ಬಂದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್ ವಿಮಾನ, ಅದರ ಮುಂದಿನ ಚಕ್ರದ ಪಕ್ಕ ಚಡ್ಡಿ ಹಾಕಿಕೊಂಡು ಎದೆ ಉಬ್ಬಿಸಿ ನಿಂತ ಅಪ್ಪಯ್ಯ. ಪ್ರತಿವರ್ಷ ಆಯುಧಪೂಜೆಗೆ ಸ್ಪ್ಯಾನರು, ಸುತ್ತಿಗೆಗಳ ಜೊತೆ ಈ ಫೋಟೋವನ್ನೂ ಕೆಳಗಿಳಿಸಿ ಪೂಜೆ ಮಾಡುತ್ತಿದ್ದ. ವಿಮಾನಕ್ಕೆ ಹಣೆ ಎಲ್ಲಿ? ಮೂತಿಯೇ ಹಣೆ ಎಂದುಕೊಂಡು ಅಲ್ಲಿಗೆ ಗಂಧ, ಅದರ ಮೇಲೆ ಕುಂಕುಮ. ಚೌಕಟ್ಟಿನ ಗಾಜು ಯಾವತ್ತೋ ಒಡೆದಿತ್ತು, ಹೊಸದು ಹಾಕಿಸಿರಲಿಲ್ಲ. ವರ್ಷ ವರ್ಷದ ಕುಂಕುಮ ಒಂದರ ಮೇಲೊಂದು ಕೂತು ವಿಮಾನದ ಮೂತಿಯಿದ್ದಲ್ಲಿ ಕೆಂಪು ಹಕ್ಕಳೆಯೊಂದೇ ಉಳಿದಿತ್ತು.

ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ ಹುಡುಗನ ತಂದೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಇದು ಡಿ ಮಾಡೆಲ್ಲು, ಗಾಜಿನ ಮೂತಿಯದು ಎಂದರು. ಅಪ್ಪಯ್ಯ ನಕ್ಕ. ಅಲ್ಲ, ಜೆ ಮಾಡೆಲ್ಲು, ಮೂತಿಯಲ್ಲಿ ಬಂದೂಕಿನ ಗೂಡು ಇರುವಂಥದ್ದು, ಆ ಗೂಡಿನ ಬೋಲ್ಟು ಬಿಗಿದದ್ದೇ ತಾನು ಎಂದ. ತಾನಿದ್ದ ಶೆಡ್ಡಿಗೆ ಜೆ ಮಾಡೆಲ್ಲು ಬಂದೇ ಇರಲಿಲ್ಲ ಎಂದರು ಹುಡುಗನ ತಂದೆ. ಹಾಗಾದರೆ ನೀವು ಯಾವ ಶೆಡ್ಡಿನಲ್ಲಿ ಮಲಗಿದ್ದಿರಿ ಎಂದು ಅಪ್ಪಯ್ಯ ಕೇಳಿದ. ಅಲ್ಲಿಗೆ ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು.

ಹುಡುಗನ ತಂದೆ ಸ್ಟೂಲು ಹತ್ತಿದರು. ಯಾರೂ ಹೇಳದೆಯೇ ಹುಡುಗ ಎದ್ದುಹೋಗಿ ಸ್ಟೂಲಿನ ಕಾಲು ಹಿಡಿದುಕೊಂಡ. ಹಿಡಿದುಕೊಂಡೇ ನನ್ನತ್ತ ನೋಡಿದ. ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದ. ನನಗೂ ಅದೇ ಪಾಡು. ಅಷ್ಟೇ ಸಾಕಾಯಿತು, ಮದುವೆಯಾದರೆ ಇವನನ್ನೇ ಎಂದು ನಾನು ಅಲ್ಲೇ ನಿಶ್ಚಯಿಸಿಬಿಟ್ಟೆ.

ಸ್ಟೂಲಿನ ಮೇಲಿನಿಂದ ಹೊಸ ವಾದ ಬಂತು. ಮೂತಿ ಕಾಣದಿದ್ದರೂ ಮುಂದಿನ ಚಕ್ರ ಮಡಚಿಕೊಳ್ಳುವಲ್ಲಿನ ಬಾಗಿಲು ಒಳಕ್ಕೆ ತೆರೆದಿದೆಯೋ ಹೊರಕ್ಕೆ ತೆರೆದಿದೆಯೋ ನೋಡಿದರೆ ಯಾವ ಮಾಡೆಲ್ಲೆಂದು ಗೊತ್ತಾಗುತ್ತದಂತೆ. ಆದರೆ ಆ ಬಾಗಿಲಿಗೆ ಸರಿಯಾಗಿ ಅಪ್ಪಯ್ಯನೇ ಅಡ್ಡ ನಿಂತಿದ್ದಾನೆ.

"ನೀವು ಎರಡು ಹೆಜ್ಜೆ ಆಚೆ ನಿಂತಿದ್ರೆ ಇವತ್ತು ಈ ರಗಳೆನೇ ಇರ್ತಿರ್ಲಿಲ್ಲ," ಎಂದು ಅವರು ಅಪ್ಪಯ್ಯನನ್ನು ಗದರಿದರು. ಇಪ್ಪತ್ತು ವರ್ಷದ ಹಿಂದೆ ನಿಂತ ಜಾಗಕ್ಕೆ!

ಕುಂಕುಮ ಒರೆಸಿ ನೋಡಿದರಾಯಿತಲ್ಲ ಎಂದು ನಾನು ಬಾಗಿಲಿಂದ ಮೆಲ್ಲಗೆ ಅಂದೆ. ಅಮ್ಮ ನನ್ನ ರಟ್ಟೆ ಚಿವುಟಿದಳು. ಹೆಣ್ಣು ನೋಡುವ ದಿನ ಯಾರಾದರೂ ಕುಂಕುಮ ಒರೆಸುತ್ತಾರಾ, ಬಿಡ್ತು ಅನ್ನು ಎಂದಳು. ಅಷ್ಟು ಹೊತ್ತು ಯಾವುದಕ್ಕೂ ಒಪ್ಪದ ಗಂಡಸರಿಬ್ಬರೂ ಇದೊಂದಕ್ಕೆ ಒಟ್ಟಿಗೇ ತಲೆಯಾಡಿಸಿದರು. ಕುಂಕುಮ ಒರೆಸುವ ಹಾಗಿಲ್ಲ, ಜಗಳ ಬಿಡುವ ಹಾಗೂ ಇಲ್ಲ. ಉಪ್ಪಿಟ್ಟು ಆರಿ ಗಟ್ಟಿಯಾಯಿತು.

ಕೊನೆಗೆ ಹುಡುಗನ ತಂದೆ ಸ್ಟೂಲಿಂದ ಇಳಿದು ಕೊಡೆ ಕೈಗೆತ್ತಿಕೊಂಡರು.

"ವಿಮಾನದ ಮೂತಿನೇ ನೆಟ್ಟಗೆ ಹೇಳದವ್ರು ಜಾತಕ ನೆಟ್ಟಗೆ ಕೊಟ್ಟಿರ್ತಾರಾ?" ಎಂದು ಹೆಂಡತಿಗೆ ಏಳುವಂತೆ ಸನ್ನೆ ಮಾಡಿದರು. ಹುಡುಗನ ಮುಖದಲ್ಲಿ ನಗು ಇರಲಿಲ್ಲ. ಯಾವನೋ ಬಿಳಿಯ ಕಟ್ಟಿದ ವಿಮಾನಕ್ಕೆ ನನ್ನ ಮದುವೆ ಮುರಿಯಬೇಕಾ?

ಸೀದಾ ಹೋಗಿ ಸ್ಟೂಲು ಹತ್ತಿದೆ. ಸೆರಗಿನ ತುದಿಯನ್ನು ನೀರಿನ ಚೊಂಬಿನಲ್ಲಿ ಅದ್ದಿಕೊಂಡೇ ಹೋಗಿದ್ದೆ. ತಿಕ್ಕಿ ತಿಕ್ಕಿ ಒರೆಸಿದೆ. ಅಮ್ಮ ಅಯ್ಯೋ ಎಂದು ಕುಸಿದು ಕೂತಳು. ಕುಂಕುಮವೇನೋ ಬಂತು, ಅದರ ಜೊತೆಗೆ ಮೂತಿಯೂ ಬಂತು. ಕೆಳಗೆ ಬರೀ ಬಿಳಿ ಕಾಗದ. ಬಾಲ ಇದೆ, ರೆಕ್ಕೆ ಇದೆ, ಅಪ್ಪಯ್ಯ ಇದ್ದಾನೆ, ವಿಮಾನಕ್ಕೆ ಮೂತಿಯೇ ಇಲ್ಲ.

ಆಮೇಲೆ ಹುಡುಗನ ತಂದೆ ಹತ್ತಿರ ಬಂದು, ಇಷ್ಟು ಬೆಳ್ಳಗಿದೆ ಅಂದಮೇಲೆ ಇದು ಗಾಜು ಹೊಳೆದದ್ದೇ ಸೈ ಎಂದರು. ಗೂಡಿಗೆ ಬಿಸಿಲು ಬಿದ್ದರೂ ಹೀಗೇ ಕಾಣುತ್ತದೆ ಎಂದ ಅಪ್ಪಯ್ಯ. ಕೊಡೆ ಮತ್ತೆ ಮೂಲೆಗೆ ಹೋಯಿತು. ಇಬ್ಬರೂ ಮೊದಲಿಗಿಂತ ಹುರುಪಿನಿಂದ ಶುರು ಹಚ್ಚಿಕೊಂಡರು. ನಾನು ಕೆಂಪಾದ ಸೆರಗು ಹಿಡಿದುಕೊಂಡು, ನನ್ನ ಕತೆ ಮುಗಿಯಿತು ಎಂದುಕೊಂಡು ಸ್ಟೂಲಿನ ಮೇಲೇ ನಿಂತಿದ್ದೆ.

ಬಂದಾಗಿನಿಂದ ಒಂದು ಮಾತೂ ಆಡದ ಹುಡುಗನ ತಾಯಿ ಆಗ ಎದ್ದರು. ಅಮ್ಮನ ಹತ್ತಿರ ಕುಂಕುಮದ ಬಟ್ಟಲು ಕೇಳಿ ಇಸಿದುಕೊಂಡರು. ನನ್ನನ್ನು ಕೆಳಗಿಳಿಸಿ ಹಣೆಗೆ ಅಗಲವಾಗಿ ಕುಂಕುಮ ಇಟ್ಟರು. ಗಂಡಸರಿಗೆ ಕೇಳದ ಹಾಗೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು:

"ನಮ್ಮನೇಲೂ ಇಂಥದ್ದೇ ಒಂದು ಫೋಟೋ ಇದೆ. ಬೇಗ ಬಂದು ಅದನ್ನೂ ಒರೆಸ್ಬಿಡು, ಮಾರಾಯ್ತಿ."